ಕಾಗೆ: ಕೃಷ್ಣರಾಜಪೇಟೆ ಸೀಮೆಯ ಊರುಕಾಗೆ ಮತ್ತು ಕಾಡುಕಾಗೆ

ಕಾಗೆಯು ಕಾರ್ವಿಡೇ ಕುಟುಂಬದ ಕಾರ್ವಸ್ ಕುಲಕ್ಕೆ ಸೇರಿದ, ಕಪ್ಪು ಇಲ್ಲವೆ ಕಪ್ಪು–ಬೂದು ಮೈಬಣ್ಣದ, ಬಲವಾದ ಕೊಕ್ಕಿನ, ಗುಂಪುಗೂಡಿ ಬಾಳುವ ಹಕ್ಕಿ. ಲೋಕದಲ್ಲಿ ಈ ಕುಲದ ಸುಮಾರು 45 ಪ್ರಭೇದಗಳಿದ್ದು, ಅವುಗಳಲ್ಲಿ ಎರಡು ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ಮತ್ತು ಶ್ರೀರಂಗಪಟ್ಟಣ ತಾಲ್ಲೂಕುಗಳಲ್ಲಿ ವರ್ಷವಿಡೀ ನೆಲೆಸಿವೆ. ಕತ್ತು ಬೂದಿಬಣ್ಣವಾಗಿರುವುದು ಊರುಕಾಗೆ, ಮೈಯೆಲ್ಲ ಕಪ್ಪಾಗಿರುವುದು ಕಾಡುಕಾಗೆ. ಹೇಮಾವತಿ ಮತ್ತು ಕಾವೇರಿ ನದಿಗಳ ನೀರಾವರಿ ಬಯಲು, ನಾಗಮಂಗಲದ ಕಡೆಯ ಮಳೆಯಾಶ್ರಯದ ರಾಗಿ ಹೊಲ, ಮೇಲುಕೋಟೆ ಸಾಲಿನ ಕುರುಚಲು ಕಾಡು, ಸಂತೆ ಸೇರುವ ಪಟ್ಟಣ ಇವೆಲ್ಲ ಒಂದಕ್ಕೊಂದು ಹತ್ತಿರದಲ್ಲೇ ಇರುವ ಈ ಸೀಮೆಯಲ್ಲಿ ಎರಡೂ ಕಾಗೆಗಳ ಬಾಳುವೆಯನ್ನು ಜೊತೆಜೊತೆಯಾಗಿ ನೋಡಬಹುದು. ಅದರಲ್ಲಿಯೂ ಊರುಕಾಗೆಯ ಊಟ, ಗೂಡು ಮತ್ತು ರಾತ್ರಿ ತಂಗುವ ಮರ ಮೂರೂ ಮನುಷ್ಯನ ಮನೆ–ಹೊಲಗಳಿಗೆ ಅಂಟಿಕೊಂಡಿರುವುದರಿಂದ, ಊರು ಬದಲಾದಂತೆ ಈ ಹಕ್ಕಿಯ ಬದುಕೂ ಬದಲಾಗುತ್ತ ಬಂದಿದೆ.

ಹೆಸರು ಮತ್ತು ವರ್ಗೀಕರಣ

ಊರುಕಾಗೆಯ ವೈಜ್ಞಾನಿಕ ಹೆಸರು ಕಾರ್ವಸ್ ಸ್ಪ್ಲೆಂಡೆನ್ಸ್. ಫ್ರೆಂಚ್ ಪಕ್ಷಿತಜ್ಞ ಲೂಯಿ ವಿಯೇಯೊ 1817ರಲ್ಲಿ ಇದನ್ನು ಹೀಗೆ ಹೆಸರಿಸಿದನು. ಸ್ಪ್ಲೆಂಡೆನ್ಸ್ ಎಂಬ ಲ್ಯಾಟಿನ್ ಪದಕ್ಕೆ ಹೊಳೆಯುವಂಥದು ಎಂದು ಅರ್ಥ. ಕಾಡುಕಾಗೆಯನ್ನು ಬಹುಕಾಲ ಏಷ್ಯಾದ ಉದ್ದಗಲಕ್ಕೂ ಹರಡಿರುವ ದಪ್ಪಕೊಕ್ಕಿನ ಕಾಗೆಯ ಒಂದು ಉಪಪ್ರಭೇದವೆಂದು ಎಣಿಸಲಾಗುತ್ತಿತ್ತು. ಈಚೆಗೆ ಅನೇಕ ತಜ್ಞರು ಇದನ್ನು ಕಾರ್ವಸ್ ಕಲ್ಮಿನೇಟಸ್ ಎಂಬ ಬೇರೆ ಪ್ರಭೇದವೆಂದು ಪರಿಗಣಿಸುತ್ತಾರೆ. ಈ ಹೆಸರನ್ನು 1832ರಲ್ಲಿ ಕೊಟ್ಟವನು ದಖ್ಖನ್ ಪ್ರಾಂತದ ಹಕ್ಕಿಗಳನ್ನು ಪಟ್ಟಿಮಾಡಿದ ಸೈನ್ಯಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್.

ಕನ್ನಡದಲ್ಲಿ ಕಾಗೆ ಎಂಬುದು ಹಕ್ಕಿಯ ಕೂಗಿನಿಂದಲೇ ಹುಟ್ಟಿದ ಹೆಸರು. ಸಂಸ್ಕೃತದ ಅಮರಕೋಶವು ಕಾಗೆಗೆ ಹತ್ತು ಹೆಸರುಗಳನ್ನು ಹೇಳುತ್ತದೆ. ಅವುಗಳಲ್ಲಿ ಕೆಲವು ಹಕ್ಕಿಯನ್ನು ಚೆನ್ನಾಗಿ ಗಮನಿಸಿದವರು ಇಟ್ಟ ಹೆಸರುಗಳು. ಬಲಿಭುಕ್ ಎಂದರೆ ಮನೆಯ ಹೊರಗೆ ಇಟ್ಟ ಬಲಿಯನ್ನವನ್ನು ತಿನ್ನುವುದು. ಆತ್ಮಘೋಷ ಎಂದರೆ ತನ್ನ ಹೆಸರನ್ನು ತಾನೇ ಕೂಗುವುದು. ಸಕೃತ್ಪ್ರಜ ಎಂದರೆ ಒಂದೇ ಸಲ ಮರಿ ಮಾಡುವುದು. ಪರಭೃತ್ ಎಂದರೆ ಪರರ ಮರಿಯನ್ನು ಪೊರೆಯುವುದು, ಅಂದರೆ ಕಾಗೆ. ಅದೇ ಪದ ಪರಭೃತ ಎಂದಾದಾಗ ಪರರಿಂದ ಪೊರೆಯಿಸಿಕೊಂಡದ್ದು, ಅಂದರೆ ಕೋಗಿಲೆ. ಕಾಗೆಯ ಗೂಡಿನಲ್ಲಿ ಕೋಗಿಲೆ ಬೆಳೆಯುತ್ತದೆಂಬ ತಿಳಿವಳಿಕೆ ಈ ನಾಡಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಈ ಎರಡು ಪದಗಳೇ ಸಾಕ್ಷಿ.

ಕಾಗೆ ಎಂಬ ಪದ ಸೇರಿರುವ ಎಲ್ಲ ಹಕ್ಕಿಗಳೂ ಕಾಗೆಗಳಲ್ಲ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮದ ಬಂಡೆಗಳ ಮೇಲೆ ರೆಕ್ಕೆ ಹರಡಿ ಬಿಸಿಲು ಕಾಯಿಸುವ ನೀರುಕಾಗೆಯು ಮೀನು ಹಿಡಿಯುವ, ಬೇರೆಯೇ ಗಣದ ಹಕ್ಕಿ. ಬೇಲಿಯ ಮರೆಯಲ್ಲಿ ನಡೆದಾಡುವ, ಕೆಂಗಂದು ರೆಕ್ಕೆಯ ಕೆಂಬೂತವು ನೋಟಕ್ಕೆ ಕಾಗೆಯನ್ನು ಹೋತರೂ ಕೋಗಿಲೆಯ ಬಳಗಕ್ಕೆ ಸೇರಿದ್ದು. ಇದಕ್ಕೆ ತದ್ವಿರುದ್ಧವಾಗಿ, ಉದ್ದ ಬಾಲದ, ಕಂದುಮೈಯ ಮಟಪಕ್ಷಿಯು ಕಾಗೆಯಂತೆ ಕಾಣದಿದ್ದರೂ ಕಾರ್ವಿಡೇ ಕುಟುಂಬದ್ದೇ ಆಗಿದ್ದು, ಈ ಸೀಮೆಯ ತೋಪುಗಳಲ್ಲಿ ಕಾಗೆಗಿರುವ ಹತ್ತಿರದ ನಂಟನಾಗಿದೆ.

ರೂಪ

ಊರುಕಾಗೆ ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 40 ಸೆಂಟಿಮೀಟರ್ ಉದ್ದವಿದ್ದು, ಸಾಮಾನ್ಯವಾಗಿ 250ರಿಂದ 350 ಗ್ರಾಂ ತೂಗುತ್ತದೆ. ಹಣೆ, ನೆತ್ತಿ, ಗಂಟಲು ಮತ್ತು ಎದೆಯ ಮೇಲ್ಭಾಗ ಹೊಳೆವ ಕಪ್ಪು. ಕತ್ತು ಮತ್ತು ಎದೆಯ ಉಳಿದ ಭಾಗ ಬೂದಿಬಣ್ಣ. ರೆಕ್ಕೆ, ಬಾಲ ಮತ್ತು ಕಾಲು ಕಪ್ಪು. ರೆಕ್ಕೆಯ ಮೇಲೆ ಬಿಸಿಲು ಬಿದ್ದಾಗ ನೀಲಿ, ನೇರಳೆ, ಹಸಿರು ಛಾಯೆಗಳು ಮಿನುಗುತ್ತವೆ. ಕಾಡುಕಾಗೆ ಇದಕ್ಕಿಂತ ದೊಡ್ಡದು; ಅದರ ಕೊಕ್ಕು ಹೆಚ್ಚು ದಪ್ಪವಾಗಿ ಮೇಲಂಚು ಬಾಗಿರುತ್ತದೆ ಮತ್ತು ಮೈಯಲ್ಲಿ ಎಲ್ಲಿಯೂ ಬೂದುಬಣ್ಣದ ಪಟ್ಟಿ ಇರುವುದಿಲ್ಲ. ಊರುಕಾಗೆಯ ದನಿ ತೆಳುವಾದ, ಮೂಗಿನಿಂದ ಬಂದಂತಹ ಕಾ–ಕಾ. ಕಾಡುಕಾಗೆಯದು ಒಡಕಲಾದ, ಗಡುಸಾದ ಕ್ರಾ. ಎರಡು ಪ್ರಭೇದಗಳಲ್ಲಿಯೂ ಗಂಡು ಹೆಣ್ಣುಗಳನ್ನು ನೋಟದಿಂದ ಬೇರ್ಪಡಿಸುವುದು ಕಷ್ಟ. ದನಿ ಕರ್ಕಶವಾದರೂ ಕಾಗೆಯ ಗಂಟಲಿನ ರಚನೆ ಹಾಡುಹಕ್ಕಿಗಳದೇ ಆಗಿದೆ. ಪಿಕಳಾರ, ಮಡಿವಾಳ ಹಕ್ಕಿ, ಗುಬ್ಬಚ್ಚಿಗಳಿರುವ ಗಣದಲ್ಲಿಯೇ ವಿಜ್ಞಾನ ಕಾಗೆಯನ್ನೂ ಇರಿಸುತ್ತದೆ.

ಕಾಗೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ಒಂದು ವಸ್ತುವನ್ನು ದಿಟ್ಟಿಸುವಾಗ ತಲೆಯನ್ನು ಓರೆಮಾಡಿ ಒಂದು ಕಣ್ಣಿನಿಂದ, ಮತ್ತೆ ತಿರುಗಿಸಿ ಇನ್ನೊಂದರಿಂದ ನೋಡುತ್ತದೆ. ರಾಮಾಯಣದ ಕಾಕಾಸುರನು ಒಂದು ಕಣ್ಣು ಕಳೆದುಕೊಂಡ ಕಥೆಯನ್ನು ಜನಪದರು ಈ ಓರೆನೋಟಕ್ಕೆ ಕಾರಣವಾಗಿ ಹೇಳುತ್ತಾರೆ.

ನೆಲೆ

ಊರುಕಾಗೆಯ ಮೂಲನೆಲೆ ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಮತ್ತು ಮ್ಯಾನ್ಮಾರ್‌ಗಳನ್ನು ಒಳಗೊಂಡ ಪ್ರದೇಶ. ಜನವಸತಿಯಿಂದ ದೂರ ಉಳಿದು ಸ್ವತಂತ್ರವಾಗಿ ಬಾಳುವ ಊರುಕಾಗೆಯ ಗುಂಪುಗಳು ಕಾಣಸಿಗುವುದಿಲ್ಲ. ಮನುಷ್ಯ ಹಡಗಿನಲ್ಲಿ ಹೋದೆಡೆಗೆ ಇದೂ ಹೋಗಿದೆ. ಜಂಜಿಬಾರ್ ದ್ವೀಪಕ್ಕೆ ಕಸ ತಿನ್ನಲೆಂದು, ಮಲೇಷ್ಯಾದ ಕ್ಲಾಂಗ್‌ಗೆ ತೋಟದ ಕಂಬಳಿಹುಳುಗಳನ್ನು ತಿನ್ನಲೆಂದು 1890ರ ದಶಕದಲ್ಲಿ ಇದನ್ನು ಒಯ್ಯಲಾಯಿತು. ಪೂರ್ವ ಆಫ್ರಿಕದ ಕರಾವಳಿಯಲ್ಲಿ ಅದರ ಸಂತಾನ ಎಷ್ಟು ಹೆಚ್ಚಿತೆಂದರೆ, ಸ್ಥಳೀಯ ಹಕ್ಕಿಗಳ ಮರಿಮೊಟ್ಟೆಗಳನ್ನು ಉಳಿಸಿಕೊಳ್ಳಲು ಕೀನ್ಯಾ ದೇಶವು 2024ರಲ್ಲಿ ಹತ್ತು ಲಕ್ಷ ಕಾಗೆಗಳನ್ನು ಕೊಲ್ಲುವ ಯೋಜನೆಯನ್ನು ಪ್ರಕಟಿಸಬೇಕಾಯಿತು.

ಕೃಷ್ಣರಾಜಪೇಟೆ ಸೀಮೆಯಲ್ಲಿ ಪಟ್ಟಣದ ಮಾರುಕಟ್ಟೆ, ಬಸ್ ನಿಲ್ದಾಣ, ಹೋಟೆಲ್ ಹಿತ್ತಿಲು, ಹಳ್ಳಿಯ ಕೊಟ್ಟಿಗೆ ಮತ್ತು ತಿಪ್ಪೆ ಊರುಕಾಗೆಯ ನೆಲೆಗಳು. ಕಾಡುಕಾಗೆಯು ಮೇಲುಕೋಟೆ ಮತ್ತು ನಾರಾಯಣದುರ್ಗದ ಬೆಟ್ಟಸಾಲು, ಪಾಂಡವಪುರದ ಕುಂತಿಬೆಟ್ಟ, ಶ್ರೀರಂಗಪಟ್ಟಣದ ಕರಿಘಟ್ಟ, ನಾಗಮಂಗಲದ ಆದಿಚುಂಚನಗಿರಿಯಂತಹ ಮರಗಿಡಗಳಿರುವ ಎಡೆಗಳನ್ನೂ ಊರಂಚಿನ ತೆಂಗಿನ ತೋಟಗಳನ್ನೂ ಹೆಚ್ಚಾಗಿ ನೆಚ್ಚುತ್ತದೆ. ಕೃಷ್ಣರಾಜಸಾಗರ ಅಣೆಕಟ್ಟಿನ ಕೆಲಸ 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿದ ಮೇಲೆ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಬಯಲಿನಲ್ಲಿ ಭತ್ತ ಮತ್ತು ಕಬ್ಬಿನ ಬೇಸಾಯ ಹರಡಿತು. ಬೇಸಿಗೆಯಲ್ಲೂ ತೇವವಿರುವ ಗದ್ದೆ, ಅದರಲ್ಲಿನ ಏಡಿ, ಕಪ್ಪೆ, ಹುಳು, ಬದುವಿನ ತೆಂಗಿನ ಸಾಲು ಇವೆಲ್ಲವೂ ಕಾಗೆಗೆ ಒದಗುವ ಆಹಾರ ಮತ್ತು ಗೂಡಿನ ತಾವುಗಳಾಗಿವೆ.

ಆಹಾರ

ಕಾಗೆ ಸರ್ವಭಕ್ಷಕ, ಅಂದರೆ ಕಾಳು, ಹಣ್ಣು, ಮಾಂಸ, ಹುಳ, ಅಡುಗೆ ಎಲ್ಲವನ್ನೂ ತಿಂದು ಅರಗಿಸಿಕೊಳ್ಳುವ ಹಕ್ಕಿ. ಊರುಕಾಗೆಯ ದಿನ ಬೆಳಕು ಹರಿಯುವ ಹೊತ್ತಿಗೆ ಆರಂಭವಾಗುತ್ತದೆ. ಮುಸುರೆ ತೊಳೆಯುವ ಜಾಗದಲ್ಲಿ ಬಿದ್ದ ಅನ್ನದ ಅಗುಳು, ರಾಗಿಮುದ್ದೆಯ ಚೂರು, ದನಗಳಿಗೆಂದು ಕಲಗಚ್ಚು ತುಂಬಿಟ್ಟ ಬಾನಿಯಲ್ಲಿ ತೇಲುವ ತರಕಾರಿ ಸಿಪ್ಪೆ ಅದರ ಮೊದಲ ಊಟ. ಒಣಗಿ ಗಟ್ಟಿಯಾದ ರೊಟ್ಟಿಯ ತುಂಡು ಸಿಕ್ಕರೆ ಕಾಗೆ ಅದನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಬಾನಿಯ ಅಂಚಿಗೆ ಹಾರಿ, ನೀರಿನಲ್ಲಿ ಅದ್ದಿ, ಮೇಲೆತ್ತಿ ಒತ್ತಿ ನೋಡಿ, ಇನ್ನೂ ಮೆತ್ತಗಾಗದಿದ್ದರೆ ಮತ್ತೆ ಅದ್ದಿ, ಕಡೆಗೆ ಕಾಲಿನಿಂದ ಅದುಮಿ ಹಿಡಿದು ಹರಿದು ತಿನ್ನುತ್ತದೆ. ತಿಂದು ಮಿಕ್ಕಿದ್ದನ್ನು ಹೆಂಚಿನ ಸಂದು, ತೆಂಗಿನ ಗರಿಯ ಬುಡ, ಹುಲ್ಲಿನ ಮೆದೆಗಳಲ್ಲಿ ತುರುಕಿಟ್ಟು ಮೇಲೆ ಒಂದು ಎಲೆಯನ್ನೋ ಕಡ್ಡಿಯನ್ನೋ ಮುಚ್ಚಿ, ಆಮೇಲೆ ನೆನಪಿಟ್ಟು ಬಂದು ತೆಗೆಯುತ್ತದೆ.

ಹೊಲದಲ್ಲಿ ಕಾಗೆಯ ಆಹಾರ ಋತುವಿನೊಂದಿಗೆ ಬದಲಾಗುತ್ತದೆ. ಮುಂಗಾರಿಗೆ ಮುಂಚೆ ನೇಗಿಲೋ ಟ್ರ್ಯಾಕ್ಟರೋ ಮಣ್ಣು ಮಗುಚಿದಾಗ ಮೇಲೆ ಬರುವ ಗೊಣ್ಣೆಹುಳುಗಳನ್ನು ಆರಿಸಲು ಬೆಳ್ಳಕ್ಕಿ, ಮೈನಾಗಳ ಜೊತೆ ಕಾಗೆಯೂ ಸಾಲಿಗೆ ಇಳಿಯುತ್ತದೆ. ಗೊಣ್ಣೆಹುಳುವು ನೆಲದೊಳಗಿದ್ದು ಬೇರು ತಿನ್ನುವ ಜೀರುಂಡೆಯ ಮರಿಹುಳುವಾಗಿದ್ದು ಕಬ್ಬು ಮತ್ತು ಕಡಲೆಕಾಯಿಗೆ ದೊಡ್ಡ ಕಂಟಕ. ಗದ್ದೆ ನಾಟಿಯ ಕಾಲದಲ್ಲಿ ಏಡಿ ಮತ್ತು ಕಪ್ಪೆಮರಿ, ಕಟಾವಿನ ಕಾಲದಲ್ಲಿ ಇಲಿಯ ಮರಿ ಮತ್ತು ಮಿಡತೆ, ರಾಗಿ ಒಕ್ಕಣೆಯ ಕಣದಲ್ಲಿ ಚೆಲ್ಲಿದ ಕಾಳು, ಕಬ್ಬಿನ ತರಗಿಗೆ ಬೆಂಕಿ ಇಟ್ಟಾಗ ಹೊಗೆಗೆ ಹೆದರಿ ಹೊರಬೀಳುವ ಹುಳುಹುಪ್ಪಟೆ ಅದರ ಪಾಲಾಗುತ್ತವೆ. ಬೇವು, ಆಲ, ಅರಳಿ, ಅತ್ತಿ, ನೇರಳೆಯ ಹಣ್ಣುಗಳನ್ನು ತಿಂದು ಬೀಜಗಳನ್ನು ದೂರದಲ್ಲಿ ಉದುರಿಸುವುದರಿಂದ, ಬದುಗಳಲ್ಲಿ ಮತ್ತು ಹಳೆಯ ಗೋಡೆಗಳ ಬಿರುಕುಗಳಲ್ಲಿ ತಾವಾಗಿ ಹುಟ್ಟುವ ಬೇವು–ಅರಳಿ ಸಸಿಗಳ ಹಿಂದೆ ಕಾಗೆಯ ಕೈವಾಡವೂ ಇರುತ್ತದೆ. ಎಮ್ಮೆಯ ಬೆನ್ನೇರಿ ಉಣ್ಣೆಗಳನ್ನು ಹೆಕ್ಕುವುದು ಅದಕ್ಕೂ ದನಕ್ಕೂ ಅನುಕೂಲವಾದ ಕೆಲಸ. ಆದರೆ ಅದೇ ಬೆನ್ನಿನಲ್ಲಿ ಹುಣ್ಣಿದ್ದರೆ ಕಾಗೆ ಅದನ್ನು ಕುಕ್ಕಿ ಕೆದಕುವುದರಿಂದ ರೈತರು ಗಾಯಕ್ಕೆ ಔಷಧ ಹಚ್ಚಿ ದನವನ್ನು ಮರೆಯಲ್ಲಿ ಕಟ್ಟುತ್ತಾರೆ.

ಸತ್ತ ಪ್ರಾಣಿಗಳನ್ನು ತೆರವು ಮಾಡುವುದು ಕಾಗೆಯ ಇನ್ನೊಂದು ಕೆಲಸ. ಹಿಂದೆ ಈ ಕೆಲಸದ ಬಹುಪಾಲನ್ನು ರಣಹದ್ದುಗಳು ಮಾಡುತ್ತಿದ್ದವು. ದನಗಳಿಗೆ ನೋವು ನಿವಾರಕವಾಗಿ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧದ ಅಂಶವು ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ, ಭಾರತದಾದ್ಯಂತ ಅವುಗಳ ಸಂತತಿ ಕುಸಿದ ಮೇಲೆ, 2006ರಲ್ಲಿ ಸರ್ಕಾರ ಪಶುವೈದ್ಯದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ಹಳ್ಳಿಯ ಹೊರಗೆ ಬಿಸಾಡಿದ ದನದ ಹೆಣ ನಾಯಿಗಳ ಮತ್ತು ಕಾಗೆಗಳ ಪಾಲಿಗೆ ಬಂದಿತ್ತು. ಬೆಳ್ಳೂರು ಕ್ರಾಸ್ ಮೂಲಕ ಹಾದುಹೋಗುವ ಬೆಂಗಳೂರು–ಮಂಗಳೂರು ಹೆದ್ದಾರಿಯಂತಹ ರಸ್ತೆಗಳಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ನಾಯಿ, ಹಾವು, ಅಳಿಲುಗಳನ್ನು ಬೆಳಗಾಗುವುದರೊಳಗೆ ಮೊದಲು ಕಂಡುಹಿಡಿಯುವುದೂ ಕಾಗೆಯೇ.

ನಡವಳಿಕೆ

ಕಾಗೆಗಳು ಹಗಲು ಚಿಕ್ಕ ಗುಂಪುಗಳಲ್ಲಿ ಆಹಾರ ಹುಡುಕಿ, ಸಂಜೆ ಒಂದೆಡೆ ಸೇರಿ ರಾತ್ರಿ ಕಳೆಯುತ್ತವೆ. ಹೀಗೆ ಸೇರುವ ತಾವನ್ನು ಸಾಮೂಹಿಕ ತಂಗುದಾಣ ಎನ್ನುತ್ತಾರೆ. ಹೊತ್ತು ಮುಳುಗುವ ಮುಂಚೆ ನಾನಾ ದಿಕ್ಕುಗಳಿಂದ ಸಾಲುಸಾಲಾಗಿ ಹಾರಿಬರುವ ಕಾಗೆಗಳು ನೇರವಾಗಿ ಮರಕ್ಕೆ ಇಳಿಯದೆ, ಹತ್ತಿರದ ಬಯಲು, ತಂತಿ, ನೀರಿನ ತೊಟ್ಟಿಗಳ ಮೇಲೆ ಕೂಡಿ, ಗದ್ದಲ ಮಾಡಿ, ಕತ್ತಲಾದ ಮೇಲೆ ಆಲ, ಅರಳಿ, ಮಳೆಮರ, ತೆಂಗುಗಳ ಮೇಲೆ ಒತ್ತೊತ್ತಾಗಿ ಕೂರುತ್ತವೆ. ಒಂದೇ ಮರದಲ್ಲಿ ಮೈನಾ ಮತ್ತು ಗಿಣಿಗಳೂ ತಂಗುವುದುಂಟು. ಗುಂಪಿನಲ್ಲಿ ಮಲಗುವುದರಿಂದ ಗೂಬೆಯಂತಹ ಶತ್ರುವಿನ ಸುಳಿವು ಬೇಗ ಸಿಗುತ್ತದೆ. ಹಗಲಿನಲ್ಲಿ ಗೂಬೆ ಕಂಡರೆ ಕಾಗೆಗಳು ಕೂಡಿ ಮುತ್ತಿಗೆ ಹಾಕುವುದನ್ನು ನೋಡಿದವರಿಗೆ, ಪಂಚತಂತ್ರದಲ್ಲಿ ಕಾಗೆ–ಗೂಬೆಗಳ ಯುದ್ಧಕ್ಕೆಂದೇ ಒಂದು ತಂತ್ರ ಮೀಸಲಾಗಿರುವುದರ ಹಿನ್ನೆಲೆ ತಿಳಿಯುತ್ತದೆ.

ಶತ್ರುವನ್ನು ಒಟ್ಟಾಗಿ ಅಟ್ಟುವ ಈ ವರ್ತನೆಗೆ ಕಾಗೆಯೇ ಗುರಿಯಾಗುವುದೂ ಉಂಟು. ಕವಲುಬಾಲದ ಕಾಜಾಣವು ಕಾಗೆಗಿಂತ ಬಹಳ ಚಿಕ್ಕದಾದರೂ ತನ್ನ ಗೂಡಿನ ಬಳಿ ಸುಳಿದ ಕಾಗೆಯ ಬೆನ್ನ ಮೇಲೆ ಎರಗಿ ಓಡಿಸುತ್ತದೆ; ಆದ್ದರಿಂದ ಕೆಲವು ಚಿಕ್ಕ ಹಕ್ಕಿಗಳು ಕಾಜಾಣ ಗೂಡು ಕಟ್ಟಿದ ಮರವನ್ನೇ ಆರಿಸಿಕೊಂಡು ನೆಮ್ಮದಿಯಾಗಿ ಮರಿ ಮಾಡುತ್ತವೆ. ನೀರುಹಕ್ಕಿಗಳು ಗುಂಪಾಗಿ ಗೂಡು ಕಟ್ಟುವ ತಾವುಗಳಲ್ಲಿಯೂ ಕಾಗೆ ಮೊಟ್ಟೆಗಾಗಿ ಹೊಂಚುಹಾಕುತ್ತದೆ. ಅಂತಹ ತಾವಾದ ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು ಪಕ್ಷಿಧಾಮವನ್ನು 1940ರಲ್ಲಿ ಘೋಷಿಸಲಾಯಿತು. ಅದಕ್ಕೆ ಒತ್ತಾಸೆಯಾದವರು ಪಕ್ಷಿತಜ್ಞ ಸಲೀಂ ಅಲಿ. ಕೇವಲ 0.67 ಚದರ ಕಿಲೋಮೀಟರ್ ವಿಸ್ತಾರದ ಈ ತಾಣಕ್ಕೆ 2022ರಲ್ಲಿ ಜೌಗುನೆಲಗಳ ರಕ್ಷಣೆಯ ರಾಮ್ಸಾರ್ ಒಪ್ಪಂದದ ಮನ್ನಣೆಯೂ ದೊರೆತಿದೆ. ಇಂತಹ ಗೂಡುನೆಲೆಗಳಲ್ಲಿ ಜನರ ಗಲಾಟೆಗೆ ಬೆದರಿ ಬೆಳ್ಳಕ್ಕಿ, ಕೊಕ್ಕರೆಗಳು ಒಂದು ಗಳಿಗೆ ಗೂಡು ಬಿಟ್ಟು ಮೇಲೆದ್ದರೂ ಸಾಕು, ಕಾದು ಕುಳಿತ ಕಾಗೆ ಮೊಟ್ಟೆ ಒಯ್ಯುತ್ತದೆ. ದೋಣಿಯಲ್ಲಿ ಕುಳಿತವರು ಕೂಗಾಡಬಾರದೆಂಬ ನಿಯಮಕ್ಕೆ ಇದೂ ಒಂದು ಕಾರಣ.

ಆಹಾರ ಕಂಡ ಕಾಗೆ ಕೂಗಿ ಬಳಗವನ್ನು ಸೇರಿಸುತ್ತದೆಂಬುದು ಕನ್ನಡಿಗರಿಗೆ ಚಿರಪರಿಚಿತವಾದ ಮಾತು. ಬಸವಣ್ಣನವರ ವಚನವೊಂದು ಇದನ್ನೇ ದೃಷ್ಟಾಂತವಾಗಿಟ್ಟು ಭಕ್ತರ ಕರ್ತವ್ಯವನ್ನು ತಿಳಿಸುತ್ತದೆ. ಅಪರಿಚಿತ ತಾವಿನಲ್ಲಿ ಒಂಟಿಯಾಗಿ ಇಳಿಯುವುದಕ್ಕಿಂತ ಜೊತೆಗಾರರೊಂದಿಗೆ ಇಳಿಯುವುದು ಕ್ಷೇಮವೆಂಬುದು ಈ ಕೂಗಿಗೆ ಜೀವಶಾಸ್ತ್ರ ಕೊಡುವ ಒಂದು ವಿವರಣೆ. ಸತ್ತ ಕಾಗೆಯ ಸುತ್ತ ನೂರಾರು ಕಾಗೆಗಳು ಸೇರಿ ಅರಚುವುದನ್ನು ಜನ ಶೋಕವೆಂದು ತಿಳಿಯುತ್ತಾರೆ. ಆ ಸಾವು ಎಲ್ಲಿ, ಯಾವುದರಿಂದ ಆಯಿತೆಂಬುದನ್ನು ಕಾಗೆಗಳು ಹೀಗೆ ಕಲಿತುಕೊಳ್ಳುತ್ತವೆಂದು ಸಂಶೋಧನೆಗಳು ತೋರಿಸಿವೆ. ಕಡಲೆಕಾಯಿ ಮತ್ತು ಮುಸುಕಿನ ಜೋಳ ಬಿತ್ತಿದ ಹೊಲದಲ್ಲಿ ಕೋಲಿಗೆ ಸತ್ತ ಕಾಗೆಯನ್ನೋ ಕಪ್ಪು ಬಟ್ಟೆಯ ಚೂರನ್ನೋ ಕಟ್ಟುವ ರೈತರ ಪದ್ಧತಿ ಈ ಸ್ವಭಾವವನ್ನೇ ನಂಬಿದೆ.

ಬುದ್ಧಿ

ಕಾಗೆಯ ಮೆದುಳು ಗಾತ್ರದಲ್ಲಿ ಚಿಕ್ಕದಾದರೂ ಅದರಲ್ಲಿ ನರಕೋಶಗಳು ಬಹಳ ಒತ್ತಾಗಿ ಜೋಡಣೆಯಾಗಿವೆಯೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದ ಕಾಗೆ ಕಡ್ಡಿಯನ್ನು ಕೊಕ್ಕೆಯಾಗಿ ತಿದ್ದಿ ಮರದ ತೂತಿನಿಂದ ಹುಳುಗಳನ್ನು ಎಳೆಯುತ್ತದೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಜಾನ್ ಮಾರ್ಜ್‌ಲಫ್ ಮತ್ತು ಸಂಗಡಿಗರು ಒಂದು ಬಗೆಯ ಮುಖವಾಡ ಧರಿಸಿ ಕಾಗೆಗಳನ್ನು ಹಿಡಿದು ಗುರುತುಪಟ್ಟಿ ತೊಡಿಸಿ ಬಿಟ್ಟರು. ಅಲ್ಲಿನ ಕಾಗೆಗಳು ವರ್ಷಗಳ ನಂತರವೂ ಆ ಮುಖವಾಡವನ್ನು ಕಂಡೊಡನೆ ಬೈದು ಬೆನ್ನಟ್ಟಿದವು, ಮೊದಲ ಘಟನೆಯನ್ನು ಕಾಣದ ಕಾಗೆಗಳೂ ಇತರರಿಂದ ಕಲಿತು ಸೇರಿಕೊಂಡವು. ಗೂಡಿಗೆ ಕಲ್ಲು ಹೊಡೆದವನ ತಲೆಯನ್ನು ಕಾಗೆ ಹುಡುಕಿಕೊಂಡು ಬಂದು ಕುಕ್ಕುತ್ತದೆಂದು ಹಳ್ಳಿಯವರು ಹೇಳುವ ಮಾತಿಗೆ ಈ ಪ್ರಯೋಗ ಬಲ ಕೊಡುತ್ತದೆ.

ಸಂತಾನ ಮತ್ತು ಜೀವನಚಕ್ರ

ಊರುಕಾಗೆಯ ಗೂಡಿನ ಕಾಲ ಏಪ್ರಿಲ್ ತಿಂಗಳಿನಿಂದ ಮುಂಗಾರಿನ ನಡುವಿನವರೆಗೆ ಹರಡಿದೆ. ಕಾಡುಕಾಗೆ ಅದಕ್ಕೂ ಮುಂಚೆಯೇ ಗೂಡಿನ ಕೆಲಸಕ್ಕೆ ತೊಡಗುತ್ತದೆ. ಮಳೆ ಬಿದ್ದು ಹುಳುಹುಪ್ಪಟೆ ಹೆಚ್ಚುವ ಹೊತ್ತಿಗೆ ಮರಿಗಳು ಹಸಿದು ಬಾಯ್ದೆರೆಯುವಂತೆ ಈ ಕಾಲ ಹೊಂದಿಕೊಂಡಿದೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕಾಗೆಯ ಶಕುನಗಳಿಗೇ ಒಂದು ಅಧ್ಯಾಯ ಮೀಸಲಿಟ್ಟು, ವೈಶಾಖಮಾಸದಲ್ಲಿ ಕೇಡಿಲ್ಲದ ಮರದಲ್ಲಿ ಕಾಗೆ ಗೂಡು ಕಟ್ಟಿದರೆ ಸುಭಿಕ್ಷವೆಂದು ಹೇಳಿದ್ದಾನೆ. ಶಕುನದ ಮಾತು ಹೇಗೇ ಇರಲಿ, ವೈಶಾಖವು ಏಪ್ರಿಲ್–ಮೇ ತಿಂಗಳುಗಳಿಗೆ ಬರುವುದರಿಂದ ಗೂಡಿನ ಕಾಲವನ್ನು ಅವನು ಸರಿಯಾಗಿಯೇ ಗುರುತಿಸಿದ್ದಾನೆ.

ಗಂಡು ಹೆಣ್ಣುಗಳು ಜೋಡಿಯಾಗಿ, ಮರದ ಕವಲಿನಲ್ಲಿ ಕಡ್ಡಿಗಳ ಅಟ್ಟಣೆ ಕಟ್ಟಿ, ನಡುವೆ ಬಟ್ಟಲಿನಂತೆ ಹಳ್ಳ ಮಾಡಿ, ಅದಕ್ಕೆ ತೆಂಗಿನ ನಾರು, ಹಗ್ಗದ ಎಳೆ, ಕೂದಲು, ಚಿಂದಿಬಟ್ಟೆಗಳ ಮೆತ್ತೆ ಹಾಸುತ್ತವೆ. ಕಡ್ಡಿಗಳ ನಡುವೆ ಕಟ್ಟಡ ಕೆಲಸದಲ್ಲಿ ಉಳಿದ ಕಂಬಿ ಕಟ್ಟುವ ತಂತಿಯನ್ನೂ ಹೆಣೆಯುತ್ತವೆ. ವಿದ್ಯುತ್ ಕಂಬದ ಮೇಲೆ ಹೀಗೆ ಕಟ್ಟಿದ ಗೂಡಿನ ತಂತಿ ಮಳೆಯಲ್ಲಿ ಎರಡು ಲೈನುಗಳಿಗೆ ತಗುಲಿ ಕರೆಂಟು ಹೋಗುವುದುಂಟು. ಮುಂಗಾರಿಗೆ ಮುನ್ನ ಗೂಡು ತೆರವು ಮಾಡುವುದು ಲೈನ್‌ಮನ್‌ಗಳ ಕೆಲಸಗಳಲ್ಲಿ ಒಂದಾಗಿದೆ.

ಹೆಣ್ಣು ಸಾಮಾನ್ಯವಾಗಿ 3ರಿಂದ 5 ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆ ತಿಳಿ ನೀಲಿ–ಹಸಿರು ಬಣ್ಣದ್ದಾಗಿದ್ದು ಮೇಲೆ ಕಂದು ಚುಕ್ಕೆ ಮತ್ತು ಗೀರುಗಳಿರುತ್ತವೆ. ಕಾವು ಕೂರುವ ಹೊಣೆ ಬಹುಪಾಲು ಹೆಣ್ಣಿನದು. ಗಂಡು ಆಹಾರ ತಂದುಕೊಟ್ಟು ಪಕ್ಕದ ಕೊಂಬೆಯಲ್ಲಿ ಕಾವಲಿರುತ್ತದೆ. ಊರುಕಾಗೆಯಲ್ಲಿ 16–17 ದಿನಗಳಿಗೆ ಮರಿಗಳು ಹೊರಬರುತ್ತವೆ. ಎಲ್ಲ ಮೊಟ್ಟೆಗಳೂ ಒಂದೇ ದಿನ ಒಡೆಯುವುದಿಲ್ಲವಾದ್ದರಿಂದ ಗೂಡಿನಲ್ಲಿ ದೊಡ್ಡ ಮತ್ತು ಚಿಕ್ಕ ಮರಿಗಳಿದ್ದು, ಆಹಾರದ ಕೊರತೆಯಾದ ವರ್ಷ ಕೊನೆಯ ಮರಿ ಬದುಕುವುದು ಕಷ್ಟ. ಹುಟ್ಟಿದಾಗ ಮರಿಗೆ ಕಣ್ಣು ತೆರೆದಿರುವುದಿಲ್ಲ, ಮೈಮೇಲೆ ಗರಿಯಿರುವುದಿಲ್ಲ. ತಂದೆತಾಯಿಗಳೆರಡೂ ಗಂಟಲಿನಲ್ಲಿ ಆಹಾರ ತುಂಬಿ ತಂದು ಉಣಿಸುತ್ತವೆ. ಮೂರರಿಂದ ನಾಲ್ಕು ವಾರಗಳಲ್ಲಿ ಗರಿ ಬಲಿತ ಮರಿ ಗೂಡು ಬಿಟ್ಟು ಕೊಂಬೆಗೆ ಬರುತ್ತದೆ. ಕಾಡುಕಾಗೆಯ ಮರಿಗೆ ಇದಕ್ಕಿಂತ ಹೆಚ್ಚು ದಿನ ಬೇಕು.

ಗೂಡು ಬಿಟ್ಟ ಮೊದಲ ದಿನಗಳು ಮರಿಯ ಬಾಳಿನಲ್ಲಿ ಅತ್ಯಂತ ಅಪಾಯದ ಕಾಲ. ಹಾರಲು ಬಾರದೆ ನೆಲಕ್ಕೆ ಬಿದ್ದ ಮರಿಯು ಬೇಲಿಯ ಬುಡದಲ್ಲಿ ಕುಪ್ಪಳಿಸುತ್ತಿರುವಾಗ ತಂದೆತಾಯಿಗಳು ಮೇಲಿನಿಂದ ಕಾಯುತ್ತ, ಹಾದುಹೋಗುವ ಬೆಕ್ಕು, ನಾಯಿ, ಮನುಷ್ಯರೆಲ್ಲರ ಮೇಲೂ ಎರಗುತ್ತವೆ. ಇಂತಹ ಮರಿ ಅನಾಥವಲ್ಲ. ಅದನ್ನು ಎತ್ತಿಕೊಂಡು ಹೋಗದೆ, ಬೆಕ್ಕು ನಾಯಿಗಳಿಗೆ ಎಟುಕದಂತೆ ಹತ್ತಿರದ ಕೊಂಬೆಯ ಮೇಲೆ ಇಟ್ಟರೆ ತಂದೆತಾಯಿಗಳೇ ಮುಂದಿನದನ್ನು ನೋಡಿಕೊಳ್ಳುತ್ತವೆ. ಹಾರಲು ಕಲಿತ ಮೇಲೆಯೂ ಮರಿಗಳು ಕೆಲವು ವಾರ ರೆಕ್ಕೆ ಅದುರಿಸಿ ಬಾಯ್ದೆರೆದು ಉಣಿಸನ್ನು ಬೇಡುತ್ತ, ಯಾವುದು ತಿನ್ನುವಂಥದು, ಯಾರು ನಂಬಲು ತಕ್ಕವರು ಎಂಬುದನ್ನು ಹಿರಿಯ ಕಾಗೆಗಳ ಜೊತೆಯಲ್ಲಿದ್ದು ಕಲಿಯುತ್ತವೆ.

ಕೋಗಿಲೆಯೊಡನೆ ನಂಟು

ಕೋಗಿಲೆ ಸ್ವತಃ ಗೂಡು ಕಟ್ಟದೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಇದನ್ನು ಗೂಡುಪರಾವಲಂಬನೆ ಎನ್ನುತ್ತಾರೆ. ಯುಗಾದಿಯ ಆಸುಪಾಸಿನಲ್ಲಿ ಆರಂಭವಾಗುವ ಗಂಡು ಕೋಗಿಲೆಯ ಹಾಡು ಕಾಗೆಯ ಗೂಡಿನ ಕಾಲದುದ್ದಕ್ಕೂ ಕೇಳಿಬರುವುದು ಈ ಕಾರಣದಿಂದಲೇ. ಕೆಂಗಣ್ಣಿನ, ಕಪ್ಪು ಮೈಯ ಗಂಡು ಕೋಗಿಲೆಯು ಕಾಗೆಗಳ ಎದುರಿಗೆ ಸುಳಿದು, ಅವು ಸಿಟ್ಟಿನಿಂದ ಅಟ್ಟಿಸಿಕೊಂಡು ಹೋದ ಬಿಡುವಿನಲ್ಲಿ, ಕಂದುಬಣ್ಣದ ಮೇಲೆ ಬಿಳಿ ಚುಕ್ಕೆಗಳಿರುವ ಹೆಣ್ಣು ಬಂದು ಮೊಟ್ಟೆಯಿಟ್ಟು ಹೋಗುತ್ತದೆ. ಕೋಗಿಲೆಯ ಮೊಟ್ಟೆ ಕಾಗೆಯದಕ್ಕಿಂತ ಚಿಕ್ಕದಾದರೂ ಬಣ್ಣ ಮತ್ತು ಚುಕ್ಕೆಗಳಲ್ಲಿ ಅದನ್ನು ಹೋಲುತ್ತದೆ. ಅದು 12ರಿಂದ 14 ದಿನಗಳಲ್ಲೇ ಒಡೆಯುವುದರಿಂದ ಕೋಗಿಲೆ ಮರಿ ಕಾಗೆಮರಿಗಳಿಗಿಂತ ಮುಂಚೆ ಹುಟ್ಟಿ ಉಣಿಸಿನ ಪಾಲು ಪಡೆಯುತ್ತದೆ. ಬೇರೆ ಕೆಲವು ಕೋಗಿಲೆ ಜಾತಿಗಳ ಮರಿಗಳಂತೆ ಇದು ಆತಿಥೇಯ ಮರಿಗಳನ್ನು ಗೂಡಿನಿಂದ ತಳ್ಳುವುದು ಸಾಮಾನ್ಯವಲ್ಲ. ಎರಡೂ ಜಾತಿಯ ಮರಿಗಳು ಒಂದೇ ಗೂಡಿನಲ್ಲಿ ಬೆಳೆಯುವುದುಂಟು, ಉಣಿಸು ಸಾಲದೆ ಕಾಗೆಮರಿ ಸೊರಗುವುದೂ ಉಂಟು. ಎಳೆಯ ಕೋಗಿಲೆಯ ಮೈ ಕಪ್ಪಾಗಿರುವುದು ಕಾಗೆಯ ಕಣ್ಣು ತಪ್ಪಿಸಲು ನೆರವಾಗುತ್ತದೆ. ಮನುಷ್ಯನ ಮುಖವನ್ನೇ ನೆನಪಿಡುವ ಹಕ್ಕಿಯು ತನ್ನ ಗೂಡಿನ ಪರಕೀಯನನ್ನು ಗುರುತಿಸದಿರುವುದು ಪಕ್ಷಿಶಾಸ್ತ್ರದಲ್ಲಿ ಮತ್ತೆ ಮತ್ತೆ ಚರ್ಚೆಯಾಗಿರುವ ವಿಷಯ. ತನ್ನ ಮೊಟ್ಟೆಯನ್ನೇ ತಪ್ಪಾಗಿ ಹೊರಹಾಕುವ ನಷ್ಟಕ್ಕಿಂತ ಒಂದು ಮರಿಯನ್ನು ಹೆಚ್ಚಾಗಿ ಸಾಕುವ ನಷ್ಟ ಕಡಿಮೆಯೆಂಬುದು ಅದಕ್ಕೆ ಕೊಡುವ ಉತ್ತರಗಳಲ್ಲಿ ಒಂದು.

ಆಚರಣೆ ಮತ್ತು ನುಡಿ

ಈ ಸೀಮೆಯಲ್ಲಿ ಕಾಗೆ ಹಿರಿಯರ ಪ್ರತಿನಿಧಿ. ಸಾವಿನ ನಂತರದ ಹಾಲುತುಪ್ಪ, ತಿಥಿ, ಹಾಗೂ ಮಹಾಲಯ ಅಮಾವಾಸ್ಯೆಯ ಆಸುಪಾಸಿನ ಹಿರಿಯರ ಹಬ್ಬಗಳಲ್ಲಿ ಎಡೆಯ ಒಂದು ಪಾಲನ್ನು ಸಮಾಧಿಯ ಬಳಿಯಲ್ಲಿಯೋ ಮನೆಯ ಮಾಳಿಗೆಯ ಮೇಲೋ ಇಟ್ಟು, ಕಾಗೆ ಮುಟ್ಟಿದ ಮೇಲೆ ಮನೆಯವರು ಊಟಕ್ಕೆ ಕೂರುವುದು ರೂಢಿ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಮತ್ತು ಸಂಗಮಗಳಲ್ಲಿ ಕಾವೇರಿಯ ದಡದ ಮೇಲೆ ನಿತ್ಯವೂ ಪಿಂಡಪ್ರದಾನ ನಡೆಯುತ್ತದೆ. ಪಿಂಡವಿಟ್ಟ ಮೇಲೆ ಮನೆಯವರು ಹಿಂದೆ ಸರಿದು ನಿಲ್ಲುತ್ತಾರೆ. ಕೊಂಬೆಯ ಮೇಲಿನ ಕಾಗೆ ತಲೆ ಓರೆಮಾಡಿ ನೋಡಿ, ನೆಲಕ್ಕಿಳಿದು, ಪಕ್ಕಪಕ್ಕಕ್ಕೆ ಕುಪ್ಪಳಿಸುತ್ತ ಹತ್ತಿರ ಬಂದು, ಒಮ್ಮೆ ಹಿಂದಕ್ಕೆ ನೆಗೆದು, ಮತ್ತೆ ಮುಂದೆ ಬಂದು ಕೊಕ್ಕು ಹಾಕುತ್ತದೆ. ತಡವಾದರೆ ಸತ್ತವರ ಆಸೆ ಯಾವುದೋ ಉಳಿದಿದೆಯೆಂದು ತಿಳಿದ ಬಂಧುಗಳು ಅದನ್ನು ನಡೆಸಿಕೊಡುವುದಾಗಿ ಮಾತು ಕೊಡುತ್ತಾರೆ. ಹೊಸ ವಸ್ತುವಿಗೂ ಜನರ ಗುಂಪಿಗೂ ಕಾಗೆ ಅಂಜುವುದು ಅದರ ಹುಟ್ಟುಗುಣ. ಆದರೆ ಆ ಕೆಲವು ನಿಮಿಷಗಳ ಕಾಯುವಿಕೆಯಲ್ಲಿ ಅಗಲಿದವರ ಇಷ್ಟಾನಿಷ್ಟಗಳನ್ನು ಮನೆಮಂದಿ ಒಟ್ಟಾಗಿ ನೆನೆಯುತ್ತಾರೆಂಬುದು ಈ ಆಚರಣೆಯ ಮಾನವೀಯ ಮುಖ.

ಕಾಗೆ ಶನಿದೇವರ ವಾಹನ. ಆದ್ದರಿಂದ ಶನಿವಾರ ಅದಕ್ಕೆ ಅನ್ನವಿಡುವವರಿದ್ದಾರೆ, ಮೈಗೆ ತಗುಲಿದರೆ ಅಶುಭವೆಂದು ಸ್ನಾನ ಮಾಡುವವರೂ ಇದ್ದಾರೆ. ಅಂಗಳದಲ್ಲಿ ಕೂಗಿದರೆ ನೆಂಟರು ಬರುವರೆಂಬ ನಂಬಿಕೆ ನಾಡಿನೆಲ್ಲೆಡೆ ಇದೆ. ಸುಳ್ಳು ಹೇಳುವುದಕ್ಕೆ ಕಾಗೆ ಹಾರಿಸುವುದೆಂದೂ, ಎರಡು ಸಂಗತಿಗಳು ಕಾರಣವಿಲ್ಲದೆ ಕೂಡಿಬಂದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂದೂ, ಹೊಳೆಯುವ ಅಭ್ರಕಕ್ಕೆ ಕಾಗೆಬಂಗಾರವೆಂದೂ ಹೇಳುವ ಕನ್ನಡಿಗರು, ಹೆಣ್ಣುಮಕ್ಕಳು ಮುಟ್ಟಾದುದನ್ನು ಕಾಗೆ ಮುಟ್ಟಿತೆಂದು ಮರೆಮಾತಿನಲ್ಲಿ ತಿಳಿಸುತ್ತಿದ್ದರು. ಮಕ್ಕಳಿಗೆ ಹೇಳುವ ಕಾಗಕ್ಕ–ಗುಬ್ಬಕ್ಕನ ಕಥೆ ಇಂದಿಗೂ ಅಳಿದಿಲ್ಲ.

ರೋಗ, ಕಾನೂನು ಮತ್ತು ಇಂದಿನ ಸ್ಥಿತಿ

ಕಾಗೆಗಳ ಸಾವು ಕೆಲವು ರೋಗಗಳ ಮುನ್ಸೂಚನೆಯಾಗಿದೆ. 1999ರಲ್ಲಿ ನ್ಯೂಯಾರ್ಕ್ ನಗರದಲ್ಲಿ ವೆಸ್ಟ್ ನೈಲ್ ವೈರಾಣು ಹರಡುತ್ತಿರುವುದಕ್ಕೆ ಕಾಗೆಗಳ ಸಾಮೂಹಿಕ ಸಾವು ಒಂದು ಸುಳಿವಾಗಿತ್ತು. ರಾಜಸ್ಥಾನದ ಝಾಲಾವಾಡದಲ್ಲಿ 2020ರ ಡಿಸೆಂಬರ್‌ನಲ್ಲಿ ಕಾಗೆಗಳು ಸತ್ತು ಬಿದ್ದುದರಿಂದ ಹಕ್ಕಿಜ್ವರದ ಇರವು ತಿಳಿದು, ಹಲವು ರಾಜ್ಯಗಳು ಎಚ್ಚರಗೊಂಡವು. ಆದ್ದರಿಂದ ಒಂದೆಡೆ ಹಲವು ಕಾಗೆಗಳು ಸತ್ತುಬಿದ್ದಿದ್ದರೆ ಬರಿಗೈಯಿಂದ ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸುವುದು ಅಗತ್ಯ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಊರುಕಾಗೆಯನ್ನು ಇಲಿ, ಬಾವಲಿಗಳ ಜೊತೆಗೆ ಪೀಡಕ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಡಲಾಯಿತು. ಮೊಳಕೆ ಕೀಳುವುದು, ಕೋಳಿಮರಿ ಒಯ್ಯುವುದು, ಒಣಹಾಕಿದ ಸಂಡಿಗೆಗೆ ಬಾಯಿ ಹಾಕುವುದು ಕಾಗೆಯ ಮೇಲಿರುವ ದೂರುಗಳು. ಗೊಣ್ಣೆಹುಳು, ಇಲಿಮರಿ, ಕೊಳೆತ ಮಾಂಸ ಮತ್ತು ಮುಸುರೆಯನ್ನು ಅದು ತೆರವು ಮಾಡುವುದನ್ನು ಎದುರಿಗಿಟ್ಟು ತೂಗಿದರೆ, ರೈತನಿಗೂ ಊರಿಗೂ ಕಾಗೆಯಿಂದ ಆಗುವ ಉಪಕಾರವೇ ಹೆಚ್ಚು.

ಊರು ಬದಲಾದಂತೆ ಕಾಗೆಯ ನೆಲೆಯೂ ಕದಲುತ್ತಿದೆ. ಕಲಗಚ್ಚಿನ ಬಾನಿ ಮತ್ತು ತಿಪ್ಪೆಗಳಿದ್ದ ಹಿತ್ತಿಲುಗಳಲ್ಲಿ ಕಾಂಕ್ರೀಟು ನೆಲ ಬಂದಿದೆ. ಮಿಕ್ಕ ಅಡುಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಎಸೆಯುವುದರಿಂದ ಕಾಗೆ ಚೀಲ ಹರಿದು ಕಸ ಹರಡುತ್ತದೆ, ಅನ್ನದೊಂದಿಗೆ ಪ್ಲಾಸ್ಟಿಕ್ಕನ್ನೂ ನುಂಗುತ್ತದೆ. ಕೋಳಿ ಅಂಗಡಿಗಳ ತ್ಯಾಜ್ಯ ಬೀಳುವ ಕೆರೆಯಂಚಿನಲ್ಲಿ ಕಾಗೆಗಳು ಮಿತಿಮೀರಿ ಕೂಡಿದರೆ, ಅದೇ ಊರಿನ ಹಳೆಯ ಬೀದಿಗಳಲ್ಲಿ ಎಡೆಗೆ ಕಾಗೆಯೇ ಬರಲಿಲ್ಲವೆಂದು ಹಿರಿಯರು ಹೇಳುವುದು ಕೇಳಿಬರುತ್ತದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯೂ ಸೇರಿದಂತೆ ರಸ್ತೆಗಳ ವಿಸ್ತರಣೆಗಾಗಿ ಸಾಲುಮರಗಳು ಉರುಳಿದೆಡೆ, ಗೂಡಿನ ಕವಲುಗಳ ಜೊತೆಗೆ ರಾತ್ರಿಯ ತಂಗುದಾಣಗಳೂ ಹೋಗಿವೆ. ಊರಿನ ಆಲ, ಅರಳಿ, ಬೇವಿನ ಮರಗಳನ್ನು ಉಳಿಸಿಕೊಳ್ಳುವುದು, ಹಸಿಕಸವನ್ನು ಪ್ಲಾಸ್ಟಿಕ್‌ನಿಂದ ಬೇರ್ಪಡಿಸಿ ಗೊಬ್ಬರದ ಗುಂಡಿಗೆ ಹಾಕುವುದು, ಮಾಂಸದ ತ್ಯಾಜ್ಯವನ್ನು ಕೆರೆಯಂಚಿಗೆ ಸುರಿಯದೆ ಹೂಳುವುದು ಇಷ್ಟನ್ನು ಗ್ರಾಮಸ್ಥರೂ ಪುರಸಭೆಗಳೂ ನಡೆಸಿಕೊಟ್ಟರೆ ಕಾಗೆಗೆ ಬೇರೆ ರಕ್ಷಣೆ ಬೇಕಾಗಿಲ್ಲ. ಹಿರಿಯರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಎಡೆಯಿಟ್ಟು ಕಾಗೆಯನ್ನು ಕರೆಯುವವರು, ಅದು ಬಂದು ಕೂರಲು ಒಂದು ಮರವನ್ನೂ ಉಳಿಸಿಡಬೇಕು.